ಐದನೆಯ ಹಾಡಾದ ಎಂಟನೆಯ ಅಧ್ಯಾಯ

ಆ ಬೀದಿಯಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದವರು ಯಾರೂ ಇರಲಿಲ್ಲ. ಎಲ್ಲರಿಗೂ ಅವಳು ಸೂಜಿಯಕ್ಕ. ಮೂವತ್ನಾಲ್ಕು ವರ್ಷದಿಂದ ಪುಸ್ತಕ ಹೊಲಿದು ಬೈಂಡ್ ಮಾಡುತ್ತಿದ್ದವಳು. ಮುಂದಿನ ಕೋಣೆಯಲ್ಲಿ ಉದ್ದನೆಯ ಮೇಜು, ಕಾಗದ ಕತ್ತರಿಸುವ ಯಂತ್ರ, ಅಂಟಿನ ಡಬ್ಬಗಳು. ಹಿಂದಿನ ಕೋಣೆಯಲ್ಲಿ ಸೂರು ಮುಟ್ಟುವಷ್ಟು ಕಾಗದದ ಕಟ್ಟುಗಳು. ತನ್ನ ಕೈಯಿಂದ ಹೊರಟ ಒಂದು ಪುಸ್ತಕದಲ್ಲೂ ಪುಟ ಹಿಂದುಮುಂದಾಗಿಲ್ಲ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು. ಮಾತು ನಿಜವೇ. ತಪ್ಪಿದ ಒಂದೇ ಒಂದು ಪುಸ್ತಕ ಅವಳ ಕೈಯಿಂದ ಹೊರಟೇ ಇರಲಿಲ್ಲ. ಅಂಟಿನ ಡಬ್ಬಗಳ ಹಿಂದೆ ಇಪ್ಪತ್ತೆರಡು ವರ್ಷದಿಂದ ಮುಖ ಮರೆಸಿಕೊಂಡು ಕೂತಿತ್ತು.

ಅದು ಭೂಗೋಳದ ಮೇಷ್ಟ್ರೊಬ್ಬರು ಬರೆದ ವೈಜ್ಞಾನಿಕ ಕಾದಂಬರಿ. ಗಡಿಯಾರ ರಿಪೇರಿಯವನೊಬ್ಬ ತಾಯಿಗೆ ಹೇಳದೆ ಮನೆ ಬಿಟ್ಟು, ಆಕಾಶನೌಕೆ ಹತ್ತಿ, ನಕ್ಷತ್ರಗಳಾಚೆ ಕೆಟ್ಟು ನಿಂತ ದೊಡ್ಡ ಗಡಿಯಾರ ಸರಿಮಾಡಲು ಹೋಗುವ ಕಥೆ. ಎಂಟು ಅಧ್ಯಾಯ, ಒಂದೊಂದೂ ಸರಿಯಾಗಿ ಹದಿನಾರು ಪುಟ, ಅಂದರೆ ಅಧ್ಯಾಯಕ್ಕೊಂದು ದೊಡ್ಡ ಹಾಳೆಯ ಮಡಿಕೆ. ಅಳತೆಯ ಹುಚ್ಚಿನ ಮೇಷ್ಟ್ರು ಪ್ರತಿ ಅಧ್ಯಾಯದ ಪುಟಸಂಖ್ಯೆಯನ್ನೂ ಒಂದರಿಂದಲೇ ಶುರು ಮಾಡಿಸಿದ್ದರು. ಅಧ್ಯಾಯಗಳಿಗೆ ಹೆಸರಿತ್ತು, ಸಂಖ್ಯೆ ಇರಲಿಲ್ಲ. ಕೊನೆಯನ್ನು ಯಾರೂ ಮೊದಲೇ ಇಣುಕಬಾರದೆಂದು ಪರಿವಿಡಿಯನ್ನೂ ಹಾಕಿಸಿರಲಿಲ್ಲ.

ಮೇಜಿನ ಮೇಲೆ ಎಂಟು ರಾಶಿ ಇಟ್ಟು, ಸುತ್ತಲೂ ನಡೆಯುತ್ತ ಒಂದೊಂದರಿಂದ ಒಂದೊಂದು ಮಡಿಕೆ ಎತ್ತಿ ಜೋಡಿಸುವುದು ಕೆಲಸದ ಕ್ರಮ. ಜೋಡಿಸುವಾಗ ಓದಬಾರದು ಎಂಬುದು ಕೆಲಸ ಕಲಿಸಿದ ಅಪ್ಪನ ಕಟ್ಟಪ್ಪಣೆ. ಅವತ್ತು ಕೊನೆಯ ಅಧ್ಯಾಯ ‘ಬಾಗಿಲು’ ಕೈಗೆ ಬಂದಾಗ ಸೂಜಿಯಕ್ಕನ ಕಣ್ಣು ಜಾರಿತು. ಗಡಿಯಾರದವನು ವಾಪಸ್ಸು ಬಂದು ತಾಯಿಯ ಮನೆಯ ಬಾಗಿಲು ತಟ್ಟುತ್ತಾನೆ, ಒಳಗೆ ಹೆಜ್ಜೆ ಸಪ್ಪಳ ಕೇಳುತ್ತದೆ. ಅಷ್ಟರಲ್ಲಿ ಹಿಂದಿನ ಕೋಣೆಯಿಂದ ಅಪ್ಪ ಕೆಮ್ಮಿದ. ಅವಳು ಬೆಚ್ಚಿಬಿದ್ದು ಆ ಮಡಿಕೆಯನ್ನು ಕೈಯಲ್ಲಿದ್ದ ಕಟ್ಟಿನ ನಡುವೆ ಎಲ್ಲೋ ತುರುಕಿದಳು. ಹೊಲಿದು ರಟ್ಟು ಹಾಕಿದ ಮೇಲೆ ತಪ್ಪು ಕಣ್ಣಿಗೆ ಬಿತ್ತು. ಗುಟ್ಟಾಗಿ ಇನ್ನೊಂದು ಪ್ರತಿ ಮಾಡಿ ಲೆಕ್ಕ ಸರಿಪಡಿಸಿದಳು, ಕೆಟ್ಟದ್ದನ್ನು ಬಚ್ಚಿಟ್ಟಳು. ಆ ತಾಯಿ ಬಾಗಿಲು ತೆಗೆದು ಏನೆಂದಳೋ, ತನಗೆ ತಾನೇ ಶಿಕ್ಷೆ ಎಂಬಂತೆ ಮುಂದೆ ಓದಲೇ ಇಲ್ಲ.

ಈಗ ತಂಗಿಯ ಮಗಳ ವಿಷಯ. ಹಗಲು ಕಣ್ಣಿನ ಆಸ್ಪತ್ರೆಯಲ್ಲಿ ಕನ್ನಡಕದ ನಂಬರು ನೋಡುವ ಕೆಲಸ, ರಜೆ ಸಿಕ್ಕರೆ ಕೀಬೋರ್ಡು. ಅವಳದೊಂದು ನಾಲ್ಕು ಜನರ ಬ್ಯಾಂಡು. ಬಾರಿಸುವುದು ಪ್ರೊಗ್ರೆಸಿವ್ ರಾಕ್, ಎಂದರೆ ಹಾಡು ಹನ್ನೆರಡು ನಿಮಿಷಕ್ಕೆ ಮೊದಲು ಮುಗಿಯಬಾರದು, ತಾಳ ಮನುಷ್ಯರ ಕಾಲಿಗೆ ಸಿಕ್ಕಬಾರದು. ಇದು ಸೂಜಿಯಕ್ಕ ಕೊಟ್ಟ ವಿವರಣೆ. ಆದರೂ ಅವಳು ಹಿಂದಿನ ಕೋಣೆ ಬಿಟ್ಟುಕೊಟ್ಟಿದ್ದಳು. ಕಾಗದದ ಕಟ್ಟುಗಳು ಎಂಥ ಗಲಾಟೆಯನ್ನೂ ನುಂಗಿಕೊಳ್ಳುತ್ತಿದ್ದವು. ಏಳರ ತಾಳ ಹಿಡಿಯಲಾರದೆ ಡ್ರಮ್ಮಿನವನು ಒದ್ದಾಡುತ್ತಿದ್ದಾಗ ದಾರಿ ತೋರಿಸಿದವಳೂ ಅವಳೇ.

“ನೋಡಪ್ಪಾ, ಆರು ತೂತು, ಒಂದು ಗಂಟು. ಮೂವತ್ತು ವರ್ಷದಿಂದ ಹಿಂಗೇ ಹೊಲೀತಿದೀನಿ,” ಎಂದು ಸೂಜಿ ಎಳೆದು ತೋರಿಸಿದ್ದಳು. ಅಂದಿನಿಂದ ಅವನು ಏಳನೆಯ ಪೆಟ್ಟಿಗೆ ‘ಗಂಟು’ ಎಂದೇ ಗೊಣಗುತ್ತಿದ್ದ.

ಒಂದು ಕಾದಂಬರಿಯನ್ನಿಟ್ಟುಕೊಂಡು ಇಡೀ ಆಲ್ಬಂ ಕಟ್ಟುತ್ತಿದ್ದಾರೆಂದು ಅವಳಿಗೆ ಗೊತ್ತಿತ್ತು. ಯಾವುದೆಂದು ಕೇಳಿರಲಿಲ್ಲ. ವರ್ಷವಿಡೀ ಬರೀ ವಾದ್ಯ ಬಾರಿಸಿದರು. ಮಾತು ಸೇರಿಸಿದ್ದು ಕೊನೆಯ ವಾರ. ಆ ಶುಕ್ರವಾರ ಸಂಜೆ ಅಂಟು ಬಳಿಯುತ್ತಿದ್ದವಳ ಕಿವಿಗೆ ಗಡಿಯಾರದವನು ಮನೆ ಬಿಟ್ಟದ್ದು ಬಿತ್ತು. ಖುಷಿಯಾಗಿ ಕೇಳುತ್ತ ಕುಳಿತಳು. ಐದನೆಯ ಹಾಡಿಗೆ ಅವನು ವಾಪಸ್ಸು ಬಂದು ಬಾಗಿಲು ತಟ್ಟಿದ. ಬಾಗಿಲು ತೆರೆದದ್ದನ್ನು ಬರೀ ಕೀಬೋರ್ಡು ಹೇಳಿತು. ಆರನೆಯ ಹಾಡಿನಲ್ಲಿ ಮತ್ತೆ ನಕ್ಷತ್ರಗಳ ಮಧ್ಯೆ ಇದ್ದ. ಸೂಜಿಯಕ್ಕ ಅಂಟಿನ ಬ್ರಷ್ಷು ಕೆಳಗಿಟ್ಟಳು. ಅಂಟಿನ ಡಬ್ಬಗಳ ಹಿಂದೆ ಕೈಯಾಡಿಸಿದಳು. ಪುಸ್ತಕ ಇರಲಿಲ್ಲ.

“ಅಂಟು ಹುಡುಕ್ತಾ ಸಿಕ್ತು ದೊಡ್ಡಮ್ಮ, ಒಂದೇ ಏಟಿಗೆ ಓದಿ ಮುಗಿಸ್ದೆ,” ಎಂದಳು ಹುಡುಗಿ. ಸಂಗತಿ ಕೇಳಿ ಅವಳ ಮುಖ ಇಳಿಯಿತು. ಮೇಷ್ಟ್ರು ಭಾನುವಾರ ಬೆಳಿಗ್ಗೆ ಬರುವವರಿದ್ದರು. ಪೂರ್ತಿ ಕೇಳಿ ಒಪ್ಪಿಗೆ ಕೊಡುತ್ತೇನೆ, ನನ್ನ ಕಥೆಯಲ್ಲಿ ಒಂದು ಕಡ್ಡಿ ಆಚೀಚೆಯಾದರೂ ಇಲ್ಲ ಎಂದಿದ್ದರು. ಒಪ್ಪಿಗೆಯಿಲ್ಲದೆ ಆಲ್ಬಂ ಹೊರಗೆ ಬರುವಂತಿರಲಿಲ್ಲ.

“ಹಾಡುಗಳನ್ನ ಜಾಗ ಬದಲಾಯಿಸೋಕಾಗಲ್ವಾ?”

“ಒಂದರ ಬಾಲಕ್ಕೆ ಇನ್ನೊಂದನ್ನ ಹೊಲಿದಿದೀವಿ ದೊಡ್ಡಮ್ಮ. ಬಿಚ್ಚಿದ್ರೆ ಎಲ್ಲಾ ಹೋಗತ್ತೆ.”

ಹೊಲಿಗೆ ಬಿಚ್ಚುವ ಸಂಕಟ ಸೂಜಿಯಕ್ಕನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಭಾನುವಾರ ಮೇಷ್ಟ್ರು ಕೊಡೆ ಊರಿಕೊಂಡು ಬಂದರು. ಎಪ್ಪತ್ತೆಂಟರ ವಯಸ್ಸು, ಇಸ್ತ್ರಿಯ ಗೆರೆ ಮಾತ್ರ ಇಪ್ಪತ್ತೆಂಟರದು. ಅವರು ಕೂರುವ ಮೊದಲೇ ಸೂಜಿಯಕ್ಕ ಎದುರು ನಿಂತಳು. ಮೂವತ್ನಾಲ್ಕು ವರ್ಷ ಕೊಚ್ಚಿಕೊಂಡದ್ದನ್ನೆಲ್ಲ ಒಂದೇ ಉಸಿರಿಗೆ ಬಿಟ್ಟುಕೊಟ್ಟಳು.

“ಮೇಷ್ಟ್ರೇ, ತಪ್ಪು ನಂದು. ನಿಮ್ಮ ‘ಬಾಗಿಲು’ ಕೊನೇಲಿರಬೇಕಿತ್ತು, ನಾನು ನಡುವೆ ಹೊಲಿದುಬಿಟ್ಟೆ. ಮಕ್ಕಳು ಅದನ್ನೇ ಓದಿ ಹಾಡು ಕಟ್ಟಿದಾರೆ. ಅವರಿಗೆ ಏನೂ ಅನ್ಬೇಡಿ.”

ಮೇಷ್ಟ್ರು ಅವಳನ್ನೇ ನೋಡಿದರು. “ಕಟ್ಟಿನ ನಡುವೆ ಹೇಗೆ ಹೋಯ್ತು?”

“ಓದ್ತಾ ನಿಂತುಬಿಟ್ಟೆ.”

ಅವರು ಹುಬ್ಬು ಗಂಟಿಕ್ಕಿ ಕಾಗದದ ಕಟ್ಟಿನ ಮೇಲೆ ಕೂತು, ಶುರು ಮಾಡಿ ಎಂದು ಕೈಸನ್ನೆ ಮಾಡಿದರು. ‘ಬಾಗಿಲು’ ಮುಗಿದು ಆರನೆಯದು ಬಂದಾಗ ಅವರ ಕೊಡೆ ನೆಲ ಕುಟ್ಟಿತು. ಸೂಜಿಯಕ್ಕ ಸೆರಗಿನ ತುದಿ ಹಿಂಡಿದಳು. ಕೊನೆಗೆ ‘ನಗು’ ಬಂತು. ನೌಕೆಯಲ್ಲಿ ಒಂಟಿಯಾಗಿ ಕೂತವನು ನಗುವ ಅಧ್ಯಾಯ. ಹುಡುಗಿಯ ದನಿ, ಏಳರ ತಾಳ, ಎಲ್ಲ ಸೇರಿ ಕೋಣೆ ತುಂಬಿ ನಿಂತಿತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

“ನನ್ನ ಪುಸ್ತಕದಲ್ಲಿ ಅಮ್ಮ ಇದಾಳೋ ಇಲ್ವೋ ಅಂತ ತಿಳೀದೆ, ತಲೆಕೆಟ್ಟು ನಗ್ತಾನೆ,” ಎಂದರು. “ಇಲ್ಲಿ ಅಮ್ಮನ್ನ ನೋಡ್ಕೊಂಡು, ಹೇಳಿ ಬಂದಿದಾನೆ. ನಿಜವಾಗಿ ನಗ್ತಿದಾನೆ. ಪಾಪ, ನಾನು ಅವನನ್ನ ಯಾಕಷ್ಟು ಗೋಳು ಹೊಯ್ಕೊಂಡೆ?” ಆಮೇಲೆ ಮೇಷ್ಟ್ರ ಗತ್ತಿನಲ್ಲೇ ಸೇರಿಸಿದರು: “ಒಪ್ಪಿಗೆ ಕೊಟ್ಟಿದೀನಿ. ನಂಗೂ ಅಂಥದ್ದೊಂದು ಪ್ರತಿ ಬೇಕು.”

ಆಗ ಹೆಚ್ಚಿಗೆ ಅಚ್ಚಾಗಿ ಮಿಕ್ಕಿದ್ದ ಮಡಿಕೆಗಳನ್ನು ಹುಡುಕಬೇಕಾಗಲಿಲ್ಲ. ವರ್ಷದಿಂದ ಡ್ರಮ್ಮಿನವನು ಕೂರುತ್ತಿದ್ದದ್ದೇ ಆ ಕಟ್ಟಿನ ಮೇಲೆ. ಸೂಜಿಯಕ್ಕ ಎಂಟು ರಾಶಿ ಇಟ್ಟು ಜೋಡಿಸಿದಳು. ನೋಡಿದರೆ ‘ಬಾಗಿಲು’ ಕೊನೆಗೇ ಬಂದಿತ್ತು. ಬಿಚ್ಚಿ ಮತ್ತೆ ಜೋಡಿಸಿದಳು. ಮತ್ತೂ ಕೊನೆಗೇ. ತಪ್ಪು ಮಾಡು ಎಂದರೆ ಕೈ ಸುತರಾಂ ಒಪ್ಪಲಿಲ್ಲ. ಮೇಷ್ಟ್ರು ಹೊಟ್ಟೆ ಹಿಡಿದು ನಕ್ಕರು.

“ನೀವು ಬಾರಿಸಿ,” ಎಂದಳು ಅವಳು ಮಕ್ಕಳಿಗೆ. “ನಾನು ಕಿವೀಲಿ ಜೋಡಿಸ್ತೀನಿ.”

ಒಂದೊಂದು ಹಾಡು ಬಂದಂತೆ ಒಂದೊಂದು ಮಡಿಕೆ ಎತ್ತುತ್ತ ಮೇಜು ಸುತ್ತಿದಳು. ಐದನೆಯ ಹಾಡಿಗೆ ‘ಬಾಗಿಲು’ ಕೈಗೆ ಬಂತು. ನಿಂತಳು. ಇಪ್ಪತ್ತೆರಡು ವರ್ಷದ ಹಿಂದೆ ಬಿಟ್ಟ ಸಾಲು ಹುಡುಕಿ ಓದತೊಡಗಿದಳು. ಹುಡುಗಿ ಅದನ್ನು ಕಂಡು ಡ್ರಮ್ಮಿನವನಿಗೆ ಕಣ್ಣು ಮಿಟುಕಿಸಿದಳು. ಬಾಗಿಲು ತೆರೆಯುವ ಜಾಗವನ್ನೇ ಅವರು ಮತ್ತೆ ಮತ್ತೆ ಬಾರಿಸಿದರು, ಆರು ತೂತು ಒಂದು ಗಂಟು, ಆರು ತೂತು ಒಂದು ಗಂಟು. ಪುಸ್ತಕದಲ್ಲಿ ತಾಯಿ ಬಾಗಿಲು ತೆಗೆದು ಮಗನನ್ನು ಮೇಲಿಂದ ಕೆಳಗೆ ನೋಡಿ, “ಹೊತ್ತಾಯ್ತು, ಕೈ ತೊಳ್ಕೊಂಡು ಬಾ,” ಎಂದಳು. ಸೂಜಿಯಕ್ಕ ಗಟ್ಟಿಯಾಗಿ ನಕ್ಕಳು. ಈ ಸಲ ಯಾರೂ ಕೆಮ್ಮಲಿಲ್ಲ. ಹದಿನಾರೂ ಪುಟ ಮುಗಿಸಿ ಅವಳು ಮಡಿಕೆಯನ್ನು ಅದರ ಜಾಗದಲ್ಲಿಟ್ಟ ಮೇಲೆಯೇ ಬ್ಯಾಂಡು ಆರನೆಯ ಹಾಡಿಗೆ ಹೋಯಿತು.