ಉಚ್ಚಿಲದವನನ್ನು ಸೋಲಿಸಿದ ಮೇಲೆ

ಪರ್ಕಳದಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ ವರ್ಷ ನಾನು ಬಿಲಿಯರ್ಡ್ಸ್‌ನಂಥ ಪೂಲ್ ಆಟ ಆಡಲು ಮಣಿಪಾಲದ ಒಂದು ಪಾರ್ಲರಿಗೆ ಹೋಗುತ್ತಿದ್ದೆ. ಅಲ್ಲಿ ಎಲ್ಲರೂ ಹೆದರುತ್ತಿದ್ದದ್ದು ಉಚ್ಚಿಲದ ಒಬ್ಬ ಆಟಗಾರನಿಗೆ. ಬೋಟಿನ ಕೆಲಸದವನು, ಮಳೆಗಾಲದಲ್ಲಿ ಮೀನುಗಾರಿಕೆ ನಿಂತ ಎರಡು ತಿಂಗಳು ಪಣ ಕಟ್ಟಿ ಪೂಲ್ ಆಡಿಯೇ ಬದುಕುತ್ತಾನೆ ಎಂದು ಸುದ್ದಿ. ಮೊದಲು ಬೇಕೆಂದೇ ಸೋಲುತ್ತಾನಂತೆ, ಆಮೇಲೆ ಎದುರಾಳಿಯ ಬೈಕನ್ನೂ ಬಿಡುವುದಿಲ್ಲವಂತೆ. ಬೈಕ್ ಕಳೆದುಕೊಂಡ ಒಬ್ಬನನ್ನೂ ನಾನು ಕಂಡಿರಲಿಲ್ಲ.

ಒಂದು ಮಧ್ಯಾಹ್ನ ಹಟಕ್ಕೆ ಬಿದ್ದು ಅವನೊಡನೆ ಆಡಿದೆ. ಗೆದ್ದೂಬಿಟ್ಟೆ. ಸೋತವನು ಕೊಡಬೇಕಾದ ಟೇಬಲ್ ಬಾಡಿಗೆಯನ್ನು ಅವನು ಕೊಟ್ಟು, "ನಾಳೆ ಬನ್ನಿ, ಇನ್ನೊಂದು ಆಡುವ" ಎಂದ.

ಗೆಳೆಯರು ಬೆನ್ನು ತಟ್ಟಲಿಲ್ಲ. "ನೀನು ಗೆದ್ದದ್ದಲ್ಲ ಮಾರಾಯ, ಅವನು ಗಾಳ ಹಾಕಿದ್ದು. ನಾಳೆ ಹೋದರೆ ನಿನ್ನ ಕಥೆ ಮುಗಿಯಿತು" ಎಂದರು. ನನಗೆ ಸಿಟ್ಟು ಬಂತು. ಕೊನೆಯ ಚೆಂಡನ್ನು ಗುಳಿಗೆ ಹಾಕಿದ್ದು ನಾನೇ ಅಲ್ಲವೇ? ಆದರೂ ಮರುದಿನ ನಾನು ಹೋಗಲಿಲ್ಲ. ಆಮೇಲೂ ಹೋಗಲಿಲ್ಲ.

ಮುಂದಿನ ವರ್ಷ ಅವನು ಕಾಪುವಿನ ಮೀನು ಮಾರುಕಟ್ಟೆಯಲ್ಲಿ ಎದುರಾದ.

"ಎಂತ, ಮತ್ತೆ ಬರಲೇ ಇಲ್ಲ? ಒಂದು ವಾರ ಕಾದೆ. ನನ್ನೊಟ್ಟಿಗೆ ಆಡ್ಲಿಕ್ಕೆ ಜನವೇ ಇಲ್ಲ ಈಗ."

ಮುಖ ನೋಡಿದೆ. ಅದು ಬೇಸರವೋ ಗಾಳವೋ ಗೊತ್ತಾಗಲಿಲ್ಲ, ಇವತ್ತಿಗೂ ಗೊತ್ತಿಲ್ಲ. ಮಳೆಗಾಲಕ್ಕೆ ಖಂಡಿತ ಬರುತ್ತೇನೆ ಎಂದೆ.

"ಈಗ ಹೇಗೆ ಬಂದದ್ದು?" ಎಂದು ಅವನು ಕೇಳಿದ.

"ಬಸ್ಸಿನಲ್ಲಿ" ಎಂದೆ, ಕಿಸೆಯೊಳಗೆ ಬೈಕಿನ ಕೀಯನ್ನು ಬಿಗಿಯಾಗಿ ಹಿಡಿದುಕೊಂಡು.