ಕಪ್ಪು-ಬಿಳಿ ಟಿವಿಯಲ್ಲಿ ನೀಲಿ ಅಂಗಿ

ನಮ್ಮ ಅಕ್ಕನಿಗೆ ಗಂಡಿನ ಕಡೆಯವರು ತಮ್ಮನನ್ನು ತೋರಿಸಿ ಅಣ್ಣನ ಕೈಯಿಂದ ತಾಳಿ ಕಟ್ಟಿಸಿದ್ದರು. ಅಂದಿನಿಂದ ಗಂಡು ನೋಡುವ ಮಾತೆತ್ತಿದರೆ ಸಾಕು, ನನಗೆ ಎಲ್ಲರೂ ಕಳ್ಳರಂತೆಯೇ ಕಾಣುತ್ತಿದ್ದರು. ನನ್ನ ಕಣ್ಣಿಗೆ ಮಾತ್ರ ಯಾರೂ ಮಣ್ಣೆರಚಬಾರದು ಎಂದು ಹಟ ಹಿಡಿದಿದ್ದೆ. ಹುಕ್ಕೇರಿಯ ಹುಡುಗನೊಬ್ಬನ ಫೋಟೋ ತರುತ್ತೇನೆಂದ ಸೋದರಮಾವನಿಗೆ, ಫೋಟೋ ಯಾರದಾದರೂ ಇರಬಹುದು, ನಾನು ನಂಬುವುದಿಲ್ಲ ಎಂದುಬಿಟ್ಟೆ.

ಮಾವ ಸಿಟ್ಟಾಗಲಿಲ್ಲ. ಗೋಕಾಕದಲ್ಲಿ ನಡೆದ ಅವನ ಮಗಳ ಮದುವೆಗೆ ಆ ಹುಡುಗನೂ ಬಂದಿದ್ದ, ನಾವೂ ಹೋಗಿದ್ದೆವು. ಆ ಮದುವೆಯ ವಿಡಿಯೊ ಕ್ಯಾಸೆಟ್ಟನ್ನೇ ಎರಡೂ ಮನೆಗೆ ಕಳಿಸಿದ. ನೀಲಿ ಅಂಗಿಯವನು ಹುಡುಗ, ಹಳದಿ ಸೀರೆಯವಳು ಹುಡುಗಿ ಎಂದು ಹೇಳಿಯೂ ಕಳಿಸಿದ.

ಮೂಡಲಗಿಯಿಂದ ವಿಸಿಆರ್ ಬಾಡಿಗೆಗೆ ತಂದು ಕುಲಗೋಡದ ನಮ್ಮ ಮನೆಯಲ್ಲಿ ಹಾಕಿದೆವು. ನಮ್ಮದು ಕಪ್ಪು-ಬಿಳಿ ಟಿವಿ. ಅದರಲ್ಲಿ ನೀಲಿಯೂ ಬೂದಿ, ಹಸಿರೂ ಬೂದಿ. ಊಟದ ಪಂಕ್ತಿಯಲ್ಲಿ ಒಬ್ಬ ಎತ್ತರದವನು ಮುದುಕಿಯೊಬ್ಬಳ ಎಲೆಯ ಮುಂದೆ ಕೂತು, ಹೋಳಿಗೆ ಚೂರು ಮಾಡಿ ತುಪ್ಪದಲ್ಲಿ ಕಲಸಿ ಕೊಡುತ್ತಿದ್ದ. ಇವನೇ ಎಂದಳು ಅವ್ವ. ನನಗೂ ಇವನೇ ಆಗಲಿ ಅನ್ನಿಸಿತು. ಆ ತುಣುಕನ್ನು ಮೂರು ಸಲ ಹಿಂದೆ ಓಡಿಸಿ ನೋಡಿ, ನಾಚಿಕೆ ಬಿಟ್ಟು ಹೂಂ ಅಂದೆ. ಅಲ್ಲಿಂದಲೂ ಒಪ್ಪಿಗೆ ಬಂತು.

ಆದರೆ ಮಾತುಕತೆಗೆ ಬಂದ ಗಂಡು ಗಿಡ್ಡ. ಚಹದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತೆ. ಅಕ್ಕನ ಕತೆಯೇ ಮತ್ತೆ! ಮೈ ಉರಿದುಹೋಯಿತು.

"ಇವ್ರು ಅವ್ರಲ್ಲ," ಅಂದೆ. "ಕ್ಯಾಸೆಟ್ಟಿನ್ಯಾಗ ಇದ್ದಾಂವ ಬ್ಯಾರೇನ ಅದಾನ."

ಅಪ್ಪ ಎದ್ದು ನಿಂತ. ಮಾವ ಬೆವರತೊಡಗಿದ. ಗಂಡು ಮಾತ್ರ ನನ್ನನ್ನೇ ನೋಡುತ್ತ, ನಿಮ್ಮ ಟಿವಿ ಯಾವುದು ಎಂದು ಮೆಲ್ಲಗೆ ಕೇಳಿದ. ಅಪ್ಪ ಮೂಲೆಗೆ ಕೈ ತೋರಿಸಿದ.

"ನಮ್ಮನ್ಯಾಗೂ ಇಂಥಾದ್ದ ಐತ್ರಿ," ಅಂದ ಅವನು. "ನಾ ಹೂಂ ಅಂದಾಕಿನೂ ಇವ್ರಲ್ಲ."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಆದರೂ ತುಂಬಿದ ಮನೆಯಲ್ಲಿ ಖರೆ ಹೇಳಿದನಲ್ಲ ಎಂದು ಅವನನ್ನೇ ಒಪ್ಪಿದೆ. ಅವನು ಮೆಚ್ಚಿದವಳು ಯಾರೆಂಬ ಸಂಶಯವೂ ನನ್ನ ಜೊತೆಗೇ ಹುಕ್ಕೇರಿಗೆ ಬಂತು. ಕೇಳಿದಾಗಲೆಲ್ಲ ನೆನಪಿಲ್ಲ ಎನ್ನುತ್ತಿದ್ದ. ಸುಳ್ಳ!

ಕೆಲವು ವರ್ಷಕ್ಕೆ ಮನೆಗೆ ಬಣ್ಣದ ಟಿವಿ ಬಂತು. ಬೇಕೆಂದೇ ಆ ಕ್ಯಾಸೆಟ್ ಹಾಕಿದೆ. ಹೆಂಗಸರು ಕಾಣಿಸಿದಾಗಲೆಲ್ಲ ಅವನ ಮುಖವನ್ನೇ ಕಾದೆ. ಶೇಂಗಾ ಸುಲಿಯುತ್ತ ಕೂತಿದ್ದ, ಮುಖದಲ್ಲಿ ಏನೂ ಇಲ್ಲ. ಅಷ್ಟರಲ್ಲಿ ಊಟದ ಪಂಕ್ತಿ ಬಂತು. ಆ ಎತ್ತರದವನು ಹಸಿರು ಅಂಗಿ ತೊಟ್ಟು ಹೋಳಿಗೆ ಕಲಸುತ್ತಿದ್ದ. ನನಗೇ ಗೊತ್ತಿಲ್ಲದೆ ಟಿವಿಯತ್ತ ತಿರುಗಿಬಿಟ್ಟಿದ್ದೆ.

"ಇಂವನ ಏನು?" ಅಂದ ಗಂಡ.

ಹೊರಳಿ ನೋಡಿದೆ. ಅವನು ಟಿವಿಯನ್ನು ನೋಡುತ್ತಲೇ ಇರಲಿಲ್ಲ.