ಉತ್ತರಪತ್ರಿಕೆಯ ಅಂಚಿನ ಗೆರೆಗಳು

ಒಂಬತ್ತನೇ ತರಗತಿಯ ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ಕೊಪ್ಪಳದ ನಮ್ಮ ಮನೆಯ ಪಡಸಾಲೆಯಲ್ಲಿ ಹರಡಿಕೊಂಡು ತಿದ್ದುತ್ತಿದ್ದೆ. ಭಾನುವಾರ. ಒಬ್ಬ ಹುಡುಗಿಯ ಹಾಳೆಗೆ ಬಂದಾಗ ನನ್ನ ಕೆಂಪು ಪೆನ್ನು ನಿಂತಿತು. ಇಪ್ಪತ್ಮೂರು ಮೀಟರ್ ಉದ್ದ, ಹನ್ನೆರಡು ಮೀಟರ್ ಅಗಲದ ಆಯತದ ವಿಸ್ತೀರ್ಣ ಎಷ್ಟೆಂದು ಕೇಳಿದ್ದೆ. ಅವಳು ಇನ್ನೂರ ಎಪ್ಪತ್ತಾರು ಎಂದು ಸರಿಯಾಗಿಯೇ ಬರೆದಿದ್ದಳು. ಆದರೆ ಗುಣಿಸಿದ ಗುರುತು ಎಲ್ಲಿಯೂ ಇರಲಿಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ ಓರೆಯಾಗಿ ಎಳೆದ ಕೆಲವು ಗೆರೆಗಳಿದ್ದವು. ಮೊದಲು ಎರಡು, ಸ್ವಲ್ಪ ಜಾಗ ಬಿಟ್ಟು ಮೂರು. ಅವನ್ನು ದಾಟಿಕೊಂಡು ಎದುರು ದಿಕ್ಕಿನಿಂದ ಒಂದು, ಆಮೇಲೆ ಎರಡು. ಎಲ್ಲವನ್ನೂ ರಬ್ಬರಿನಿಂದ ಅರ್ಧಂಬರ್ಧ ಅಳಿಸಿದ್ದಳು.

ಅಳಿಸಿದ್ದನ್ನು ಕಂಡೇ ನನಗೆ ಸಂಶಯ ಬಂದದ್ದು. ತಪ್ಪಿಲ್ಲದವರು ಯಾಕೆ ಅಳಿಸಬೇಕು?

ನಾನು ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಆ ಹುಡುಗಿ ನನಗೆ ಚೆನ್ನಾಗಿ ಗೊತ್ತಿದ್ದವಳು. ಏಳರ ಮಗ್ಗಿ ಹೇಳು ಎಂದರೆ ಏಳು ಮೂರಲಕ್ಕೆ ನಿಂತುಬಿಡುತ್ತಿದ್ದಳು. ಅಂಥವಳು ಹಾಳೆಯಲ್ಲಿದ್ದ ಐದು ಗುಣಾಕಾರಗಳನ್ನೂ ಸರಿ ಮಾಡಿದ್ದಳು.

ನನ್ನ ಸಂಶಯಕ್ಕೆ ಒಂದು ಹಿನ್ನೆಲೆಯೂ ಇತ್ತು. ಕೆಲವು ವರ್ಷಗಳ ಹಿಂದೆ ಗಂಗಾವತಿಯ ಕಡೆ ಪರೀಕ್ಷಾ ಮೇಲ್ವಿಚಾರಕಿಯಾಗಿ ಹೋಗಿದ್ದಾಗ, ಕೆಮ್ಮಿ ಉತ್ತರ ದಾಟಿಸುತ್ತಿದ್ದ ಇಬ್ಬರನ್ನು ಹಿಡಿದಿದ್ದೆ. ಒಂದು ಸಲ ಕೆಮ್ಮಿದರೆ ಎ, ಎರಡು ಸಲ ಕೆಮ್ಮಿದರೆ ಬಿ. ಅಂದಿನಿಂದ ಯಾವ ಮಗು ಸೀನಿದರೂ ನಾನು ತಿರುಗಿ ನೋಡುತ್ತಿದ್ದೆ. ಈಗ ಗೆರೆಗಳನ್ನು ಎಣಿಸಿದೆ. ಎರಡು, ಮೂರು, ಒಂದು, ಎರಡು. ಅಂದರೆ ಬಿ, ಸಿ, ಎ, ಬಿ. ಬಹು ಆಯ್ಕೆಯ ಪ್ರಶ್ನೆಗಳ ಉತ್ತರ ತೆಗೆದು ನೋಡಿದೆ. ಮೊದಲ ಮೂರು ಬಿ, ಸಿ, ಎ ಆಗಿದ್ದವು! ನಾಲ್ಕನೆಯದು ಮಾತ್ರ ಡಿ. ಅದು ಹೊಂದಲಿಲ್ಲ. ನನ್ನ ದಿಕ್ಕು ತಪ್ಪಿಸಲು ಬೇಕೆಂದೇ ಹಾಗೆ ಮಾಡಿದ್ದಾರೆ ಎಂದುಕೊಂಡೆ. ಇನ್ನೊಂದು ಮೂಲೆಯಲ್ಲಿ ಆರು ಗೆರೆಗಳ ಒಂದು ಗುಂಪಿತ್ತು. ಆರನೆಯ ಆಯ್ಕೆಯೇ ಇಲ್ಲವಲ್ಲ ಎಂಬುದು ಆ ಹೊತ್ತಿಗೆ ತಲೆಗೆ ಬರಲೇ ಇಲ್ಲ.

ಸೋಮವಾರದಿಂದ ನಾನು ಕಣ್ಣಿಡತೊಡಗಿದೆ. ನೋಡಿದಲ್ಲೆಲ್ಲ ಗೆರೆಗಳೇ ಕಂಡವು. ಬೆಂಚಿನ ಮೇಲೆ ಗೆರೆ, ವರಾಂಡದ ಮಣ್ಣಿನಲ್ಲಿ ಕಡ್ಡಿಯಿಂದ ಗೀಚಿದ ಗೆರೆ, ಇನ್ನೂ ಮೂವರು ಹುಡುಗಿಯರ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಗೆರೆ. ಇದು ದೊಡ್ಡ ಗುಂಪೇ ಎಂದು ಹೆಡ್‌ಮಾಸ್ತರರಿಗೆ ಹೇಳಿದೆ. ಅವರು ನಾನು ಮೊಬೈಲಿನಲ್ಲಿ ತೆಗೆದಿದ್ದ ಗೆರೆಗಳ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದರು.

"ಚೌಕಾಬಾರಾ ಮನಿ ಬರದಂಗ ಕಾಣತೈತಲ್ರಿ ಮೇಡಂ. ಹುಡುಗ್ರು ಆಟ ಆಡಿರಬೇಕು."

"ಆಟ ಆದ್ರ ಪರೀಕ್ಷಾ ಹಾಳ್ಯಾಗ ಯಾಕ್ರಿ ಸರ್?"

"ಒಂದೆರಡು ದಿನ ತಡೀರಿ. ಕೇಳಿ ನೋಡೋಣು."

ನಾನು ತಡೆಯಲಿಲ್ಲ. ಮರುದಿನ ತರಗತಿಯಲ್ಲಿ ಆ ಹುಡುಗಿಯನ್ನು ಎದ್ದು ನಿಲ್ಲಿಸಿದೆ.

"ಉತ್ತರಾ ಯಾರು ಹೇಳಿ ಕೊಟ್ರು?"

"ಯಾರೂ ಇಲ್ರಿ."

"ಮತ್ತ ಹೆಂಗ ಬಂತು?"

ಅವಳು ಕಾಲಿನ ಹೆಬ್ಬೆರಳು ನೋಡುತ್ತ, "ಗೆರಿ ಎಣಿಸಿದ್ರ ಬರ್ತೈತ್ರಿ" ಎಂದಳು.

ತರಗತಿ ನಕ್ಕಿತು. ನನ್ನನ್ನು ಗೇಲಿ ಮಾಡುತ್ತಿದ್ದಾಳೆ ಎಂದು ನನಗೆ ಮೈ ಉರಿಯಿತು. "ಯಾರು ಕಲಿಸಿದ್ರು ಹೇಳು" ಎಂದೆ. ಅದಕ್ಕೆ ಮಾತ್ರ ಬಾಯಿ ಬಿಡಲಿಲ್ಲ. ಅವಳು ಹೆಸರು ಹೇಳದಷ್ಟೂ ನನ್ನ ಸಂಶಯ ಗಟ್ಟಿಯಾಗುತ್ತಾ ಹೋಯಿತು. ಎಲ್ಲರೆದುರು ಆ ಹಾಳೆಯ ಮೇಲೆ ಸೊನ್ನೆ ಹಾಕಿ ಸುತ್ತು ಬರೆದೆ. ಕರಿಹಲಗೆಯ ಪಕ್ಕದಲ್ಲಿ ಒಬ್ಬಳನ್ನೇ ಕೂರಿಸಿದೆ. ನಾಳೆ ಮನೆಯಿಂದ ಯಾರನ್ನಾದರೂ ಕರೆದುಕೊಂಡು ಬಾ ಎಂದೆ.

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ತಪ್ಪು ಮಾಡಿದವರೇ ಹೀಗೆ ಮುಖ ತಪ್ಪಿಸುವುದು ಎಂದು ನಾನು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ತಿರುಗಿದೆ.

ಮೂರನೆಯ ದಿನ ಬಿಸಿಯೂಟದ ರುಚಿ ನೋಡುವ ಪಾಳಿ ನನ್ನದಾಗಿತ್ತು. ಅಡುಗೆಕೋಣೆಗೆ ಹೋದವಳು ಬಾಗಿಲಲ್ಲೇ ನಿಂತುಬಿಟ್ಟೆ. ಹೊಗೆಗೆ ಕಪ್ಪಾದ ಗೋಡೆಯ ಮೇಲೆ, ನೀರಿನ ಡ್ರಮ್ಮಿನ ಹಿಂದೆ, ಸೀಮೆಸುಣ್ಣದ ಓರೆ ಗೆರೆಗಳಿದ್ದವು. ಒಂದನ್ನೊಂದು ದಾಟುವ ಅವೇ ಗೆರೆಗಳು.

ಅಡುಗೆ ಮಾಡುವವರು ನಲವತ್ತೈದು ದಾಟಿದ ಹೆಂಗಸು. ಮಕ್ಕಳೆಲ್ಲ ದೊಡ್ಡವ್ವ ಎನ್ನುತ್ತಿದ್ದುದರಿಂದ ನಾವೂ ಹಾಗೆಯೇ ಕರೆಯುತ್ತಿದ್ದೆವು. ಮೂರನೆಯ ಇಯತ್ತೆಗೇ ಶಾಲೆ ಬಿಟ್ಟವರು. ಈ ಗುಂಪಿನ ಬೇರು ಇಲ್ಲಿದೆಯೇ ಎಂದು ಅವರನ್ನೂ ಅನುಮಾನದ ಕಣ್ಣಿನಿಂದಲೇ ನೋಡಿದೆ.

"ದೊಡ್ಡವ್ವ, ಇವೇನ್ರಿ?"

"ಗೆರಿರಿ ಅಕ್ಕೋರ."

"ಗೆರಿ ಅನ್ನೂದು ನನಗೂ ಕಾಣತೈತಿ. ಯಾತಕ್ಕ ಎಳದೀರಿ?"

ಅವರು ಸೌಟು ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡರು. ಮುಖ ಸಣ್ಣದಾಗಿತ್ತು. "ನಾಳೆ ಪೂರಿ ಮಾಡೂದೈತ್ರಿ. ನೂರಾ ಮೂವತ್ತೆರಡು ಹುಡುಗ್ರು, ಒಬ್ಬೊಬ್ರಿಗೆ ಮೂರ್ ಮೂರು. ಎಷ್ಟು ಲಟ್ಟಿಸಬೇಕು ಅಂತ ನೋಡಿದ್ನಿ. ನನಗ ಮಗ್ಗಿ ನೆಟ್ಟಗ ಬರೂದಿಲ್ರಿ."

ನಾನು ನಂಬಲಿಲ್ಲ. ಮೂವತ್ತನಾಲ್ಕನ್ನು ಇಪ್ಪತ್ತಾರರಿಂದ ಗುಣಿಸಿ ತೋರಿಸಿ ಎಂದೆ. ಅವರು ಗೋಡೆಗೆ ಸರಿದು ಸೀಮೆಸುಣ್ಣದ ತುಂಡು ಹಿಡಿದರು. ಮೂರು ಗೆರೆ, ಜಾಗ ಬಿಟ್ಟು ನಾಲ್ಕು. ಅವಕ್ಕೆ ಅಡ್ಡವಾಗಿ ಎರಡು ಗೆರೆ, ಜಾಗ ಬಿಟ್ಟು ಆರು. ಗಾಳಿಪಟದ ಆಕಾರದ ಒಂದು ಜಾಲ ಎದ್ದಿತು. ಗೆರೆಗಳು ಕೂಡುವಲ್ಲೆಲ್ಲ ಬೆರಳಿಟ್ಟು ಎಣಿಸಿದರು. ಬಲತುದಿಯಲ್ಲಿ ಇಪ್ಪತ್ನಾಲ್ಕು ಕೂಡುಗಳು. ನಡುವೆ, ಮೇಲಿನವೂ ಕೆಳಗಿನವೂ ಸೇರಿ ಇಪ್ಪತ್ತಾರು. ಎಡತುದಿಯಲ್ಲಿ ಆರು.

"ಇಪ್ಪತ್ನಾಕರಾಗಿನ ನಾಕು ಇಲ್ಲೇ ಇರ್ಲಿ, ಎರಡು ಎಡಕ್ಕ ಹೋಗ್ಲಿ. ನಡುವಿನವು ಇಪ್ಪತ್ತೆಂಟಾದ್ವು. ಎಂಟು ಇಟಗೊಂಡು ಎರಡು ಮತ್ತ ಎಡಕ್ಕ. ಅಲ್ಲಿ ಆರಿದ್ವು, ಎಂಟಾದ್ವು. ಎಂಟುನೂರಾ ಎಂಬತ್ನಾಕ್ರಿ."

ನಾನು ಅಂಗೈ ಮೇಲೆ ಪೆನ್ನಿನಿಂದ ಗುಣಿಸಿ ನೋಡಿದೆ. ಎಂಟುನೂರ ಎಂಬತ್ನಾಲ್ಕು.

ಆಗಲೂ ನನ್ನ ಬುದ್ಧಿ ಸೋಲಲಿಲ್ಲ. ಇದೊಂದನ್ನು ಬಾಯಿಪಾಠ ಮಾಡಿರಬಹುದು ಅನ್ನಿಸಿತು. ಸಿಕ್ಕಿಬೀಳಲಿ ಎಂದೇ ತೊಂಬತ್ತೆಂಟು ಗುಣಿಸು ಎಂಬತ್ತೇಳು ಎಂದೆ. ಅಷ್ಟು ದೊಡ್ಡ ಅಂಕಿಗಳಿಗೆ ಗೆರೆ ಎಳೆದರೆ ಎಣಿಸುವವರು ಯಾರು?

ದೊಡ್ಡವ್ವ ಮೊದಲ ಸಲ ನಕ್ಕರು. "ಒಂಬತ್ತು ಗೆರಿ, ಎಂಟು ಗೆರಿ ಎಳದ್ರ ಕಣ್ಣು ಮಂಜಾಗ್ತಾವ್ರಿ. ತೊಂಬತ್ತೆಂಟು ಅಂದ್ರ ನೂರಕ್ಕ ಎರಡು ಕಮ್ಮಿ ಅಲ್ಲೇನ್ರಿ? ನೂರು ಸಲ ಎಂಬತ್ತೇಳು ಅಂದ್ರ ಎಂಟು ಸಾವಿರದ ಏಳುನೂರು. ಅದರಾಗ ಎರಡು ಎಂಬತ್ತೇಳು ತಗದ್ರ ಆತು." ಎರಡು ಎಂಬತ್ತೇಳಕ್ಕೆ ಮಾತ್ರ ಗೆರೆ ಎಳೆದು ನೂರ ಎಪ್ಪತ್ನಾಲ್ಕು ಎಂದು ಎಣಿಸಿದರು. ಕಳೆದು, "ಎಂಟು ಸಾವಿರದ ಐನೂರಾ ಇಪ್ಪತ್ತಾರು" ಎಂದರು.

ಸರಿ ಇತ್ತು. ಹತ್ತರ ಗೆರೆಗಳು, ಬಿಡಿಯ ಗೆರೆಗಳು, ನಾಲ್ಕು ಮೂಲೆಗಳಲ್ಲಿ ನಾಲ್ಕು ಗುಣಲಬ್ಧ. ಬೀಜಗಣಿತದ ಪಾಠದಲ್ಲಿ ಎರಡು ಆವರಣಗಳನ್ನು ಬಿಡಿಸುವಾಗ ಪ್ರತಿ ವರ್ಷ ನಾನು ಕಲಿಸುವುದು ಅದನ್ನೇ. ಅದು ಗೋಡೆಯ ಮೇಲೆ ಕಣ್ಣಿಗೆ ಕಾಣುವ ಹಾಗೆ ನಿಲ್ಲುತ್ತದೆ ಎಂದು ನನಗೆ ಎಂದೂ ಹೊಳೆದಿರಲಿಲ್ಲ.

"ಎಲ್ಲಿ ಕಲತ್ರಿ ಇದನ್ನ?"

"ಹಿಟ್ನಾಳದಾಗ ತಂಗಿ ಮನಿಗೆ ಹೋದಾಗ ಆಕಿ ಫೋನಿನ್ಯಾಗ ನೋಡಿದ್ನಿರಿ. ನೂರು ಮಾಡಿ ಕಳಿಯೂದು ಮಾತ್ರ ನಂದ. ತಾಟು ತೊಳ್ಯಾಕ ಬರೋ ಹುಡುಗ್ಯಾರಿಗೆ ತೋರಿಸಿದ್ದೆ. ಆದ್ರ ನನ್ನ ಹೆಸರು ಹೇಳಬ್ಯಾಡ್ರಿ ಅಂತ ಆಣಿ ಹಾಕಿಸಿಕೊಂಡಿದ್ನಿ."

"ಯಾಕ?"

"ಅಡಗಿಯಾಕಿ ಗಣಿತಾ ಹೇಳಿಕೊಡಾಕತ್ತಾಳ ಅಂದ್ರ ನಿಮಗ ಸಿಟ್ಟು ಬರಬೌದು ಅಂತರಿ. ನನ್ನ ಕೆಲಸಕ್ಕ ಕುತ್ತು ಬಂದ್ರ?"

ಅಂದು ಅನ್ನ-ಸಾಂಬಾರಿನ ರುಚಿ ನನಗೆ ತಿಳಿಯಲಿಲ್ಲ. ಆ ಹುಡುಗಿ ತನ್ನ ಸೊನ್ನೆಯನ್ನು, ಇಡೀ ತರಗತಿಯ ನಗುವನ್ನು ನುಂಗಿಕೊಂಡು ಈ ಹೆಂಗಸಿನ ಕೆಲಸ ಕಾಯ್ದಿದ್ದಳು. ನಾನದನ್ನು ಕಳ್ಳತನ ಎಂದಿದ್ದೆ.

ಸಂಜೆ ಬಸ್ಸು ಬಿಟ್ಟು, ದೊಡ್ಡವ್ವನನ್ನು ಕರೆದುಕೊಂಡು ಅವಳ ಮನೆಗೆ ಹೋದೆ. ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದವಳು ನನ್ನನ್ನು ಕಂಡು ಎದ್ದು ತಾಯಿಯ ಹಿಂದೆ ಸರಿದಳು. ತಪ್ಪು ನನ್ನದು, ನಾಳೆಯಿಂದ ಶಾಲೆಗೆ ಬಾ ಎಂದೆ. ಅವಳು ದೊಡ್ಡವ್ವನ ಮುಖ ನೋಡಿದಳು.

"ಅಕ್ಕೋರಿಗೆ ಎಲ್ಲಾ ಹೇಳೀನವಾ" ಎಂದರು ದೊಡ್ಡವ್ವ.

"ಖರೇನ ಬೈಯೂದಿಲ್ಲೇನ್ರಿ?" ಎಂದು ಹುಡುಗಿ ನನ್ನನ್ನು ಕೇಳಿದಳು.

ಮರುದಿನ ಅವಳು ಶಾಲೆಗೆ ಬಂದಳು. ಎಲ್ಲರೆದುರು ಸೊನ್ನೆ ಹೊಡೆದುಹಾಕಿ ಅವಳಿಗೆ ಸಲ್ಲಬೇಕಾದ ಅಂಕ ಬರೆದೆ. ನಾನು ತಪ್ಪು ತಿಳಿದಿದ್ದೆ ಎಂದು ಹೇಳಿದೆ. ಹೆಡ್‌ಮಾಸ್ತರರ ಒಪ್ಪಿಗೆ ಪಡೆದು ಒಂದು ಶನಿವಾರ ದೊಡ್ಡವ್ವನನ್ನು ತರಗತಿಗೆ ಕರೆಸಿದೆ. ಅವರು ಮೊದಲು ಗೆರೆಗೊಮ್ಮೆ ನನ್ನ ಕಡೆ ನೋಡುತ್ತ, ಆಮೇಲೆ ಅದನ್ನೂ ಮರೆತು, ಕರಿಹಲಗೆಯ ತುಂಬ ಗೆರೆ ಎಳೆದರು. ಮಕ್ಕಳು ಕೂಗಿ ಕೂಗಿ ಲೆಕ್ಕ ಕೊಟ್ಟರು.

ಆದರೆ ಹುಡುಗಿ ನನ್ನನ್ನು ನಂಬಲಿಲ್ಲ. ನಾನು ಬೆಂಚಿನ ಪಕ್ಕ ಹಾದುಹೋದಾಗಲೆಲ್ಲ ಮೊಣಕೈಯಿಂದ ಹಾಳೆ ಮುಚ್ಚಿಕೊಳ್ಳುತ್ತಿದ್ದಳು. ನಾನು ಶಹಬ್ಬಾಸ್ ಎಂದರೂ ಅದರ ಹಿಂದೆ ಏನಿದೆ ಎಂದು ಹುಡುಕುವಂತೆ ನೋಡುತ್ತಿದ್ದಳು. ಆ ನೋಟ ನನ್ನದೇ. ನಾನೇ ಅವಳಿಗೆ ಕೊಟ್ಟದ್ದು. ಒಂದು ವರ್ಷ ಅದನ್ನು ಸಹಿಸಿಕೊಂಡೆ.

ಹತ್ತನೇ ತರಗತಿಯ ಪರೀಕ್ಷೆಗೆ ಮುಂಚೆ ಅವಳನ್ನು ಕರೆದು ಹೇಳಿದೆ: "ಹಾಳಿ ತಿದ್ದೋರಿಗೆ ಗೆರಿ ಲೆಕ್ಕ ಗೊತ್ತಿರಲಿಕ್ಕಿಲ್ಲ. ಕಚ್ಚಾ ಜಾಗದಾಗ ಗೆರಿ ಎಳಿ, ಪಕ್ಕದಾಗ ಪುಸ್ತಕದಾಗಿನ ರೀತಿನೂ ಬರಿ."

"ಎರಡೂ ಬರದ್ರ ಮಾರ್ಕ್ಸ್ ಕಟ್ ಮಾಡೂದಿಲ್ಲೇನ್ರಿ?"

"ಇಲ್ಲ."

ಅವಳು ನೋಟ್‌ಬುಕ್ಕನ್ನು ನನ್ನ ಮುಂದೆ ಇಟ್ಟಳು. "ಹಂಗಂತ ಇದರಾಗ ಬರದು ಸಹಿ ಮಾಡಿ ಕೊಡ್ರಿ."

ಬರೆದೆ, ಸಹಿ ಮಾಡಿದೆ, ತಾರೀಖು ಹಾಕಿದೆ. ಅವಳು ಅದನ್ನು ಎರಡು ಸಲ ಓದಿ ಚೀಲದಲ್ಲಿ ಇಟ್ಟುಕೊಂಡಳು. ಗಣಿತದಲ್ಲಿ ಒಳ್ಳೆಯ ಅಂಕಗಳೊಂದಿಗೆ ಪಾಸಾಗಿ ಈಗ ಯಲಬುರ್ಗಾದಲ್ಲಿ ಪಿಯುಸಿ ಓದುತ್ತಿದ್ದಾಳೆ. ಹೋದ ತಿಂಗಳು ಕುಷ್ಟಗಿ ಬಸ್ ನಿಲ್ದಾಣದಲ್ಲಿ ಎದುರಾದಳು. ತಾನಾಗಿಯೇ ಹತ್ತಿರ ಬಂದು, "ಆರಾಮ ಅದೀರೇನ್ರಿ ಮೇಡಂ?" ಎಂದು ಕೇಳಿದಳು. ಬಸ್ಸು ಬರುವವರೆಗೆ ಇಬ್ಬರೂ ಒಂದೇ ಕಲ್ಲುಬೆಂಚಿನ ಮೇಲೆ ಕೂತು ಮಾತಾಡಿದೆವು.